ಲಲಿತಾ ಆಂಟಿಯ ಎಡ ಭುಜ

"ಫೋಟೋ ಚಿಂತೆ ಬಿಡಿ ಅಂಕಲ್, ಅದು ನನ್ನ ಜವಾಬ್ದಾರಿ" ಎಂದು ನಾನು ಹೇಳಿದಾಗ ಶ್ರೀಧರ್ ಅಂಕಲ್ ನನ್ನ ಕೈ ಹಿಡಿದುಕೊಂಡರು. ಆಗಲೇ ಅವರು ಆ ಕೈಯನ್ನು ಮುರಿದು ಹಾಕಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು.

ಅವರ ಹೆಂಡತಿ ಲಲಿತಾ ಆಂಟಿ ತೀರಿಕೊಂಡು ಒಂಬತ್ತು ದಿನವಾಗಿತ್ತು. ಆಸ್ಟ್ರೇಲಿಯಾದ ಮಾಡ್ಬರಿ ಬಡಾವಣೆಯ ಸುತ್ತಮುತ್ತಲಿನ ಕನ್ನಡದವರಲ್ಲಿ ಆಂಟಿಯ ಕೈಯೂಟ ಉಣ್ಣದವರಿಲ್ಲ. ನಾನೂ ನನ್ನ ಹೆಂಡತಿ ಸುಮನಾಳೂ ಮೈಸೂರಿನಿಂದ ಅಡಿಲೇಡ್‌ಗೆ ಬಂದಿಳಿದ ದಿನ, ಇಲ್ಲಿನ ಒಲೆ ಹಚ್ಚುವುದು ಹೇಗೆಂದು ತಡಕಾಡುತ್ತಿದ್ದಾಗ, ಕುಕ್ಕರ್ ಸಮೇತ ಬಿಸಿಬೇಳೆಬಾತ್ ಹೊತ್ತು ತಂದು ಬಾಗಿಲು ತಟ್ಟಿದವರು ಅವರೇ. ಯಾವ ಸಮಾರಂಭವಿದ್ದರೂ "ನೀವೆಲ್ಲ ನಿಂತ್ಕೊಳ್ಳಿ, ನಾನು ತೆಗೀತೀನಿ" ಅಂತ ಫೋನ್ ಹಿಡಿಯುತ್ತಿದ್ದರು. ಹಾಗಾಗಿ ಎಲ್ಲರ ಫೋಟೋ ಇತ್ತು, ಅವರದೇ ಇರಲಿಲ್ಲ. ಶನಿವಾರದ ವೈಕುಂಠ ಸಮಾರಾಧನೆಗೆ ಇಡಲು ಈಚಿನದು ಸಿಕ್ಕಿದ್ದು ಒಂದೇ ಒಂದು. ಚಳಿಗಾಲದ ಒಂದು ಬಾರ್ಬಿಯಲ್ಲಿ, ಅಂದರೆ ಬಾರ್ಬೆಕ್ಯೂ ಊಟದ ಕೂಟದಲ್ಲಿ, ತೆಗೆದದ್ದು. ಹಸಿರು ಸೀರೆಯ ಸೆರಗನ್ನು ಎರಡೂ ಭುಜಕ್ಕೆ ಹೊದ್ದು ಆಂಟಿ ನಗುತ್ತಿದ್ದಾರೆ. ಸುತ್ತ ಹತ್ತು ಜನ. ಪಕ್ಕದಲ್ಲಿ ಸುಮನಾ, ಅವರ ಬಲ ಭುಜದ ಮೇಲೆ ಕೈಯಿಟ್ಟು.

ನಾನು ರಸ್ತೆಗಳ ನಕ್ಷೆ ಬರೆಯುವ ಎಂಜಿನಿಯರ್. ದಿನವಿಡೀ ಕಂಪ್ಯೂಟರಿನ ಮುಂದೆಯೇ ಇರುವವನು. ಒಬ್ಬರನ್ನು ಕತ್ತರಿಸಿ ಬಿಳಿ ಹಾಳೆಗೆ ಅಂಟಿಸುವುದೇನು ಮಹಾ! ಬುಧವಾರ ರಜೆ ಹಾಕಿ, ತಲೆಗೆ ಸ್ನಾನ ಮಾಡಿ, ಫೋಟೋ ಎಡಿಟಿಂಗ್ ಸಾಫ್ಟ್‌ವೇರ್ ಮುಂದೆ ಶ್ರದ್ಧೆಯಿಂದ ಕುಳಿತೆ.

ಆಂಟಿಯ ಸುತ್ತ ಜೋಪಾನವಾಗಿ ಗೆರೆ ಎಳೆದು ಕಾಪಿ ಮಾಡಿದೆ. ದೊಡ್ಡದೊಂದು ಬಿಳಿ ಹಾಳೆ ತೆರೆದು ಪೇಸ್ಟ್ ಒತ್ತಿದೆ. ಹಾಳೆಯ ನಟ್ಟನಡುವೆ ಸಾಸಿವೆ ಕಾಳಿನಷ್ಟು ಆಂಟಿ ಬಂದು ಕೂತರು! ಹಿಗ್ಗಿಸಿದೆ. ಮುಖವೆಲ್ಲ ಬಚ್ಚಲಿನ ಟೈಲ್ಸ್ ಥರ ಚೌಕ ಚೌಕವಾಯಿತು.

ಸರಿ, ಹಾಳೆಯನ್ನೇ ಚಿಕ್ಕದು ಮಾಡಿ, ಬಿಳಿ ಬಣ್ಣ ಬಳಿದು, ಮತ್ತೆ ಪೇಸ್ಟ್ ಒತ್ತಿದೆ. ಏನೂ ಬರಲಿಲ್ಲ. ಇನ್ನೊಮ್ಮೆ ಒತ್ತಿದೆ. ಬರಲಿಲ್ಲ. ಲಿಫ್ಟ್ ಬರಲಿಲ್ಲವೆಂದು ಗುಂಡಿ ಒತ್ತುತ್ತಲೇ ಇರುವವರ ಹಾಗೆ ಒತ್ತುತ್ತಾ ಹೋದೆ. ಕಡೆಗೆ ತಿಳಿಯಿತು, ಅಂಟಿಸಿದ್ದೆಲ್ಲ ನಾನು ಬಳಿದ ಬಿಳಿ ಲೇಯರಿನ ಕೆಳಗೆ ಹೋಗಿ ಸೇರುತ್ತಿತ್ತು. ಲೇಯರ್ ಅಂದರೆ ಒಂದರ ಮೇಲೊಂದು ಪೇರಿಸಿದ ಹಾಳೆಗಳಿದ್ದಂತೆ. ಮೇಲಿನದಕ್ಕೆ ಬಣ್ಣ ಬಳಿದರೆ ಕೆಳಗಿನದು ಕಾಣುವುದಿಲ್ಲ. ಬಿಳಿಯದನ್ನು ತಳಕ್ಕೆ ಎಳೆದೆ. ಆಂಟಿ ಪ್ರತ್ಯಕ್ಷ!

ಸ್ವಲ್ಪ ಬಲಕ್ಕೆ ಸರಿಸಿದೆ. ಹಿಂದೆ ಇನ್ನೊಬ್ಬರು ಆಂಟಿ ನಗುತ್ತಿದ್ದರು. ಅವರನ್ನೂ ಸರಿಸಿದೆ. ಅವರ ಹಿಂದೆ ಮತ್ತೊಬ್ಬರು. ಒಟ್ಟು ಹನ್ನೊಂದು ಜನ! ಒಬ್ಬೊಬ್ಬರನ್ನೇ ಆರಿಸಿ ಡಿಲೀಟ್ ಒತ್ತಬೇಕಾಯಿತು. ಒಂದು ಸಲ ಹೋದವರನ್ನು ಇನ್ನೂ ಹತ್ತು ಸಲ ಕಳಿಸಿದ ಪಾಪ ನನ್ನದು.

ಅಷ್ಟರಲ್ಲಿ ಆಸ್ಪತ್ರೆಯ ಡ್ಯೂಟಿ ಮುಗಿಸಿ ಸುಮನಾ ಬಂದಳು. ಬಗ್ಗಿ ನೋಡಿ, "ರೀ, ನನ್ನ ಕೈ ಯಾಕೆ ಅಲ್ಲೇ ಬಿಟ್ಟಿದೀರಾ?" ಅಂದಳು.

ನಿಜ. ಆಂಟಿಯ ಬಲ ಭುಜದ ಮೇಲೆ ನಾಲ್ಕು ಬೆರಳು, ಒಂದು ಬಳೆ, ಹಿಂದೆ ಯಾರೂ ಇಲ್ಲ.

"ಅಳಿಸ್ತೀನಿ ಬಿಡು, ಎರಡು ನಿಮಿಷ."

ಅರ್ಧ ಗಂಟೆ ಉಜ್ಜಿದೆ. ಕೈ ಅಲ್ಲಾಡಲಿಲ್ಲ. ನಾನು ಉಜ್ಜುತ್ತಿದ್ದದ್ದು ತಳದ ಬಿಳಿ ಲೇಯರನ್ನು! ಸರಿಯಾದ ಲೇಯರ್ ಹುಡುಕಿ ಉಜ್ಜಿದೆ. ಕೈ ಹೋಯಿತು. ಜೊತೆಗೆ ಭುಜವೂ ಹೋಯಿತು.

ಆಮೇಲೆ ಹೊಳೆಯಿತು. ಎಡ ಭುಜದ ಸೆರಗನ್ನು ಅಲ್ಲಿದ್ದ ಸೇಫ್ಟಿ ಪಿನ್ ಸಮೇತ ಕಾಪಿ ಮಾಡಿ, ತಿರುಗಿಸಿ, ಬಲಕ್ಕೆ ತಂದು ಅಂಟಿಸಿದೆ. ತೇಪೆ ಹಾಕಿದ್ದೇ ಗೊತ್ತಾಗದ ಹಾಗೆ ಕೂತಿತು! ಸುಮನಾ ಕಣ್ಣೊರೆಸಿಕೊಂಡಳು. "ಎದುರಿಗೇ ಕೂತ ಹಾಗಿದಾರೆ ರೀ" ಅಂದಳು. ಆ ಹೆಮ್ಮೆಯಲ್ಲಿ ಎಕ್ಸ್‌ಪೋರ್ಟ್ ಒತ್ತಿ, ಬಂದ ಫೈಲನ್ನು ತೆರೆದೂ ನೋಡದೆ ಶಾಪಿಂಗ್ ಸೆಂಟರಿನ ಫ್ರೇಮ್ ಅಂಗಡಿಗೆ ಕಳಿಸಿಬಿಟ್ಟೆ.

ಶುಕ್ರವಾರ ಸುಮನಾ ಅದನ್ನು ತಂದಳು. ಕಂದು ಕಾಗದದಲ್ಲಿ ಅಂದವಾಗಿ ಸುತ್ತಿದ್ದರು.

"ಬಿಚ್ಚಿ ನೋಡ್ಲಾ?"

"ಬೇಡ ಮಾರಾಯ್ತಿ. ಮತ್ತೆ ಹಾಗೆ ಸುತ್ತೋಕೆ ನಮಗೆ ಬರಲ್ಲ."

ಶನಿವಾರ ಹಾಲ್ ತುಂಬಿತ್ತು. ಮೇಜಿನ ಮೇಲೆ ದೀಪ, ಮಲ್ಲಿಗೆ ಹಾರ. ಅಂಕಲ್ ತಾವೇ ಕಾಗದ ಬಿಚ್ಚಿದರು.

ಗಾಜಿನೊಳಗೆ ಹಸಿರು ಬಟ್ಟೆಯ ಚೂರು. ನಾಲ್ಕಾರು ನೆರಿಗೆ, ಒಂದು ಪಿನ್. ಅಷ್ಟೇ. ಆಂಟಿ ಇರಲಿಲ್ಲ.

ಕೊನೆಯಲ್ಲಿ ಅಂಟಿಸಿದ ತೇಪೆಯ ಲೇಯರ್ ಒಂದನ್ನೇ ನಾನು ಎಕ್ಸ್‌ಪೋರ್ಟ್ ಮಾಡಿದ್ದೆ. ಅಂಗಡಿಯವರು ಕರ್ತವ್ಯನಿಷ್ಠೆಯಿಂದ ಅದನ್ನೇ ದೊಡ್ಡದು ಮಾಡಿ ಕಟ್ಟು ಹಾಕಿದ್ದರು!

ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. "ಸೀರೆ ಅಂಗಡಿಯವರ ಸ್ಪಾನ್ಸರಾ?"

"ಅಂಕಲ್, ಅದು... ಲೇಯರ್ ತಪ್ಪಿ..." ಎಂದು ತೊದಲಿದೆ. ಸುಮನಾ ಕಣ್ಣು ಮುಚ್ಚಿಕೊಂಡು ನಿಂತಿದ್ದಳು.

ಅಂಕಲ್ ಕನ್ನಡಕ ಹಾಕಿಕೊಂಡು ಫ್ರೇಮನ್ನು ಹತ್ತಿರ ತಂದುಕೊಂಡರು. ತುಂಬ ಹೊತ್ತು ನೋಡಿದರು. ಹೆಬ್ಬೆರಳು ಗಾಜಿನ ಮೇಲೆ ಆ ಪಿನ್ ಇದ್ದ ಕಡೆ ನಿಂತಿತು.

"ಇದನ್ನ ನಾನೇ ಹಾಕಿದ್ದು" ಅಂದರು. "ಅವತ್ತು ಅವಳಿಗೆ ತೋಳು ನೋವು. ಕೈ ಎತ್ತೋಕೇ ಆಗ್ತಿರಲಿಲ್ಲ."

ಆಮೇಲೆ ಅದನ್ನು ಮೇಜಿನ ಮೇಲಿಟ್ಟು ತಾವೇ ಹಾರ ಹಾಕಿದರು. ಡಾಕ್ಟರುಗಳು, ಎಂಜಿನಿಯರುಗಳು, ಎಲ್ಲರೂ ಸಾಲಾಗಿ ಬಂದು ಎಡ ಭುಜಕ್ಕೆ ಹೂ ಏರಿಸಿ ಕೈ ಮುಗಿದರು. ನಾನು ಸೌಟು ಹಿಡಿದು ಅಡುಗೆಮನೆಯಲ್ಲೇ ಅವಿತುಕೊಂಡೆ. ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೂ ನಾನೇ.

ಮರುದಿನವೇ ಪೂರ್ತಿ ಫೋಟೋ ಮಾಡಿಸಿ ಕೊಟ್ಟು ಬಂದೆ. ಅಂಕಲ್ ಅದನ್ನು ತಮ್ಮ ಮನೆಯ ಹಾಲ್‌ನಲ್ಲಿ ತೂಗುಹಾಕಿದರು. ಆದರೆ ಆ ಸೆರಗಿನ ಚೂರು ಅವರ ಮಂಚದ ಪಕ್ಕದಲ್ಲಿತ್ತು. ಅದನ್ನು ವಾಪಸ್ ಕೇಳುವ ಧೈರ್ಯ ಬರಲಿಲ್ಲ.

ಎರಡು ವಾರದ ಮೇಲೆ ಅವರ ಫೋನ್ ಬಂತು. "ಕೇಶವ, ನಂದೂ ಒಂದು ಫೋಟೋ ಈಗಲೇ ರೆಡಿ ಮಾಡಿಸಿಟ್ಟುಬಿಡೋಣ ಅಂತ ಕಣಪ್ಪ. ವಯಸ್ಸಾಯ್ತಲ್ಲ."

"ಹಾಗೆಲ್ಲ ಮಾತಾಡ್ಬೇಡಿ ಅಂಕಲ್. ಈಗಲೇ ಬರ್ತೀನಿ, ನಾನೇ ಕೂತು..."

"ಅಯ್ಯೋ, ನೀನು ಬೇಡಪ್ಪ!" ಅವರ ದನಿಯಲ್ಲಿ ನಿಜವಾದ ಗಾಬರಿಯಿತ್ತು. "ಒಳ್ಳೆ ಸ್ಟುಡಿಯೋ ಯಾವುದಾದ್ರೂ ಗೊತ್ತಿದ್ರೆ ಹೇಳು, ಸಾಕು."

ಹೇಳಿದೆ.