ಕೆಡದ ರೇಡಿಯೋದ ರಿಪೇರಿ

ವಿಜ್ಞಾನದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಹಿಗ್ಗುವವರಲ್ಲಿ ನಾನೂ ಒಬ್ಬ. ಆ ವಿಜ್ಞಾನ ಒಂದು ದಿನ ನನ್ನ ಜಗಲಿಗೇ ಬಂದು, ಅಲ್ಲಿ ಕೂತವರನ್ನೆಲ್ಲ ಎಬ್ಬಿಸಿಕೊಂಡು ಹೋದೀತೆಂದು ಮಾತ್ರ ಎಣಿಸಿರಲಿಲ್ಲ.

ನಾನು ಮಾದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಗುಮಾಸ್ತ. ಒಂಟಿ ಆಸಾಮಿ. ಆಸ್ತಿಯೆಂದರೆ ಮರದ ಪೆಟ್ಟಿಗೆಯಂಥ ಒಂದು ರೇಡಿಯೋ, ಅದಕ್ಕೆ ಇಟ್ಟಿಗೆಯಷ್ಟು ಭಾರದ ಬ್ಯಾಟರಿ, ಮಾಡಿನ ಮೇಲೆ ಬಟ್ಟೆ ಒಣಗಿಸುವ ಹಗ್ಗದಂತೆ ಎಳೆದ ತಂತಿ. ಆಗೆಲ್ಲ ಸಂಜೆಯಾದರೆ ಕೂಲಿ ಲೈನಿನ ಸಾಲುಮನೆಗಳ ಜನ, ಜೀಪಿನ ಡ್ರೈವರ್ ಮೂಸಾ, ಎಲ್ಲರೂ ನನ್ನ ಜಗಲಿಯಲ್ಲಿ. ನಾನು ತಿರುಗಣೆ ತಿರುಗಿಸುವಾಗ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ವಾರ್ತೆಗೂ ಹಾಡಿಗೂ ನಡುವೆ ನಾನು ಪತ್ರಿಕೆ ಓದಿ ಹೇಳುತ್ತಿದ್ದೆ. ಬೆಂಗಳೂರಿನಲ್ಲಿ ಅಂಗೈಯಗಲದ ಟ್ರಾನ್ಸಿಸ್ಟರ್ ರೇಡಿಯೋ ತಯಾರಾಗುತ್ತಿದೆ ಎಂಬ ಸುದ್ದಿಯನ್ನು, ನನ್ನ ದುರದೃಷ್ಟ, ಎಲ್ಲರಿಗೂ ಕೇಳಲೆಂದು ಮತ್ತೊಮ್ಮೆ ಗಟ್ಟಿಯಾಗಿ ಓದಿದೆ.

ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿದ ಮೇಲೆ ಮೂಸಾ ಮಡಿಕೇರಿಯಿಂದ ಅಂಥದ್ದೇ ಒಂದನ್ನು ತಂದ. ತಂತಿ ಬೇಡ, ಪೆಟ್ಟಿಗೆ ಬಿಸಿಯಾಗಲೆಂದು ಕಾಯುವುದು ಬೇಡ. ಜನ ಅವನ ಅಂಗಳ ಸೇರಿದರು. ನಾನು ಒಬ್ಬನೇ ಕೂತು ವಾರ್ತೆ ಕೇಳತೊಡಗಿದೆ. ಎದುರಿಗೆ ಕೂತು "ಹೌದಾ?" ಎನ್ನುವ ಒಂದು ಜೀವ ಇಲ್ಲದಿದ್ದರೆ ಲೋಕದಲ್ಲಿ ಏನೂ ನಡೆದಂತೆಯೇ ಅನ್ನಿಸುವುದಿಲ್ಲ. ಇಳಿಜಾರಿನ ಕೆಳಗಿನಿಂದ ಅದೇ ಹಾಡು, ನಗುವಿನ ಜೊತೆ, ಮೇಲೆ ಬರುತ್ತಿತ್ತು.

ತಡೆಯಲಾರದೆ ಒಂದು ಸಂಜೆ ನಾನೂ ಇಳಿದು ಹೋದೆ. ಮೂಸಾ ಚಾಪೆ ಕೊಡವಿ ಹಾಸಿದ.

"ಎಂತ ರೈಟರೇ, ನಿಮ್ಮ ರೇಡಿಯೋ ಉಂಟಲ್ಲ?"

"ಕೆಟ್ಟುಹೋಗಿದೆ ಮೂಸಾ," ಎಂದುಬಿಟ್ಟೆ.

ಮರುದಿನ ಸಂಜೆ ಅವನು ಸ್ಕ್ರೂಡ್ರೈವರ್ ಹಿಡಿದು ನನ್ನ ಮನೆಗೆ ಬಂದ. ಬೇಡ ಎನ್ನುವಷ್ಟರಲ್ಲಿ ತಿರುಗಣೆ ತಿರುಗಿಸಿಯೂ ಆಗಿತ್ತು. ಹಾಳು ಪೆಟ್ಟಿಗೆ ಎಂದೂ ಹಾಡದಷ್ಟು ಸೊಗಸಾಗಿ ಹಾಡಿತು. ನಾನು ಮಾಡಿನ ಹೆಂಚು ನೋಡುತ್ತ ನಿಂತೆ. ಮೂಸಾ ಹಾಡು ಮುಗಿಯುವವರೆಗೂ ಕೇಳಿ, ಸ್ಕ್ರೂಡ್ರೈವರನ್ನು ಜೇಬಿಗಿಟ್ಟ.

"ಕೆಟ್ಟದ್ದು ಹೌದು," ಎಂದ ಕೊನೆಗೆ, ನನ್ನ ಮುಖ ನೋಡದೆ. "ಸ್ವರ ಸ್ವಲ್ಪ ಬೇರೆ ಆಗಿ ಉಂಟು. ಒಂದು ದಿನದ ಕೆಲಸ ಅಲ್ಲ ಇದು. ನಾಳೆನೂ ಬರ್ತೇನೆ. ಕಾಫಿ ಉಂಟಾ?"

ಕಾಫಿ ಕೊಟ್ಟೆ. ಮಾರನೆಯ ದಿನ ಅವನು ಬರುವ ಮೊದಲೇ, ಯಾವುದಕ್ಕೂ ಇರಲಿ ಎಂದು, ಪೆಟ್ಟಿಗೆಯ ಹಿಂದಿನ ಎರಡು ತಂತಿ ಕಿತ್ತಿಟ್ಟೆ. ಅವನ್ನು ಮತ್ತೆ ಎಲ್ಲಿಗೆ ಸೇರಿಸಬೇಕೆಂಬುದು ನಮ್ಮಿಬ್ಬರಿಗೂ ಇನ್ನೂ ಗೊತ್ತಾಗಿಲ್ಲ. ಸಂಜೆಗಳಲ್ಲಿ ಕೂತು ಹುಡುಕುತ್ತಿದ್ದೇವೆ.