ಹನ್ನೊಂದು ದಿನದ ಹಿರಿತನ

ಎರಡು ವಿಮಾನ ಕಂಪನಿಗಳು ಒಂದಾದವು. ಬಣ್ಣ ಒಂದಾಯಿತು, ಸಮವಸ್ತ್ರ ಒಂದಾಯಿತು. ಪೈಲಟ್‌ಗಳು ಮಾತ್ರ ಒಂದಾಗಲಿಲ್ಲ. ಬೆಳಿಗ್ಗೆ ನೋಟಿಸ್ ಬೋರ್ಡಿಗೆ ಅಂಟಿಸಿದ ಸೀನಿಯಾರಿಟಿ ಪಟ್ಟಿಯೇ ಅದಕ್ಕೆ ಕಾರಣ.

ನಮ್ಮ ಕ್ಯಾಪ್ಟನ್ ಮೂವತ್ತು ವರ್ಷ ಸಣ್ಣ ವಿಮಾನ ಹಾರಿಸಿದವರು. ದೊಡ್ಡ ವಿಮಾನದಲ್ಲಿ ಕ್ಯಾಪ್ಟನ್ ಕೂರುವ ಎಡಗಡೆ ಸೀಟಿನಲ್ಲಿ ಒಮ್ಮೆಯಾದರೂ ಕೂರಬೇಕೆಂಬುದು ಅವರ ಬಹುಕಾಲದ ಆಸೆ. ಈಗ ಅಂಥದ್ದೊಂದು ಸೀಟು ಖಾಲಿಯಿತ್ತು, ಒಂದೇ ಒಂದು. ಪಟ್ಟಿಯಲ್ಲಿ ಮೊದಲಿದ್ದವರಿಗೆ ಅದು. ಇವರು ಎರಡನೆಯವರು.

ಮೊದಲನೆಯವರು ಆ ಇನ್ನೊಂದು ಕಂಪನಿಯ ಮೀಸೆ ಕ್ಯಾಪ್ಟನ್. ಇಬ್ಬರೂ ಕೆಲಸಕ್ಕೆ ಸೇರಿದ್ದು ಒಂದೇ ದಿನ. ಹಾಗಿದ್ದಾಗ ವಯಸ್ಸಿನಲ್ಲಿ ಹಿರಿಯರೇ ಮುಂದೆ ಎಂದು ನಿಯಮ. ದಾಖಲೆ ಪ್ರಕಾರ ಇಬ್ಬರಿಗೂ ಐವತ್ತೆಂಟು; ಮೀಸೆ ಹನ್ನೊಂದು ದಿನ ದೊಡ್ಡವರು.

“ಆ ದಾಖಲೆಯೇ ಸುಳ್ಳು,” ಕ್ಯಾಪ್ಟನ್ ಬೋರ್ಡಿನ ಮುಂದೆಯೇ ಸಾರಿದರು. “ಸ್ಕೂಲಿಗೆ ಸೇರಿಸುವಾಗ ನಮ್ಮಪ್ಪ ಎರಡು ವರ್ಷ ಕಡಿಮೆ ಬರೆಸಿದ್ರು. ಸಂಜೆಯೊಳಗೆ ತೋರಿಸ್ತೀನಿ.”

“ನಿಮ್ಮಪ್ಪ ಒಬ್ರೇನಾ ಬರೆಸಿದ್ದು?” ಎಂದು ಮೀಸೆ ಕ್ಯಾಪ್ಟನ್ ಟೋಪಿ ಎತ್ತಿಕೊಂಡು ಸರಸರನೆ ಹೊರಟೇಬಿಟ್ಟರು.

ನಮ್ಮವರು ಹಿಡಿದ ಹಟ ಬಿಡುವವರಲ್ಲ. ಅಕ್ಕನನ್ನು ಹೊರಡಿಸಿಕೊಂಡು ತಾವು ಹುಟ್ಟಿದ ಆಸ್ಪತ್ರೆಗೆ ಹೋದರು. ಹಳೆಯ ರಿಜಿಸ್ಟರುಗಳು ನೆಲಮಾಳಿಗೆಯಲ್ಲಿದ್ದವು. ಗುಮಾಸ್ತ “ಊಟ ಮುಗಿಸಿ ಬರ್ತೀನಿ” ಎಂದು ಹೋದವನು ಬರಲೇ ಇಲ್ಲ. ಕ್ಯಾಪ್ಟನ್ ಕೋಟು ಕಳಚಿ ಗುಮಾಸ್ತನ ಕುರ್ಚಿಗೆ ಹಾಕಿ ತಾವೇ ಕೆಳಗಿಳಿದು ಏಣಿ ಹತ್ತಿದರು. ಮೂವತ್ತು ಸಾವಿರ ಅಡಿ ಎತ್ತರದಲ್ಲಿ ಹೆದರದವರಿಗೆ ಏಳನೇ ಮೆಟ್ಟಿಲಲ್ಲಿ ತಲೆ ತಿರುಗಿತು. ರಿಜಿಸ್ಟರ್ ಸಮೇತ ಮೂಟೆಯಂತೆ ಧೂಳಿಗೆ ಬಿದ್ದರು.

“ಮೂವತ್ತು ವರ್ಷ ಅದೇನು ಹಾರಿಸಿದೆಯೋ,” ಎನ್ನುತ್ತ ಅಕ್ಕ ಕೈಹಿಡಿದು ಎಬ್ಬಿಸಿದರು. ಬಿದ್ದ ರಿಜಿಸ್ಟರಿನಲ್ಲೇ ಅಮ್ಮನ ಹೆಸರಿತ್ತು: ಗಂಡು ಮಗು, ಸರಿಯಾಗಿ ಎರಡು ವರ್ಷ ಹಿಂದಿನ ತಾರೀಕು. ಕ್ಯಾಪ್ಟನ್‌ಗೆ ಸೊಂಟದ ನೋವೇ ಮರೆತುಹೋಯಿತು.

ಆ ಪುಟದ ನಕಲು ಮಾಡಿಸಿಕೊಂಡು ನಾಲ್ಕು ಗಂಟೆಗೆ ಕಚೇರಿ ತಲುಪಿದಾಗ ಹೊರಗಿನ ಬೆಂಚಿನಲ್ಲಿ ಮೀಸೆ ಕ್ಯಾಪ್ಟನ್ ಕೂತಿದ್ದರು. ಮುಖದಲ್ಲಿ ಕಳೆಯಿರಲಿಲ್ಲ.

“ಹೆದರಿಬಿಟ್ಟಿದ್ದಾರೆ ನೋಡು,” ಕ್ಯಾಪ್ಟನ್ ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿ ಒಳಗೆ ನುಗ್ಗಿದರು.

ಪಟ್ಟಿ ನೋಡಿಕೊಳ್ಳುವ ಮೇಡಂ ಕಾಗದವನ್ನು ಎರಡು ಸಲ ಓದಿದರು. “ಇದು ನಿಮ್ಮದೇನಾ ಸರ್?”

“ನನ್ನದೇ. ಅಕ್ಕನೇ ಸಾಕ್ಷಿ.”

“ಇವನ ತೊಟ್ಟಿಲು ತೂಗಿದವಳು ನಾನು,” ಅಕ್ಕ ಗಟ್ಟಿಯಾಗಿ ಹೇಳಿದರು.

ಮೇಡಂ ಠಸ್ಸೆ ಒತ್ತಿದರು. “ಹಾಗಾದ್ರೆ ಹೋದ ತಿಂಗಳೇ ನಿಮಗೆ ಅರವತ್ತು ತುಂಬಿದೆ. ನಮ್ಮ ಕಂಪನಿಯಲ್ಲಿ ಅರವತ್ತಕ್ಕೆ ರಿಟೈರ್ ಸರ್.”

ಕ್ಯಾಪ್ಟನ್ ಮೇಜಿನ ಮೇಲೆ ಕೈ ಚಾಚಿದರು. “ಆ ಕಾಗದ ಕೊಡಿ ಮೇಡಂ. ಅದು ಬೇರೆ ಯಾರದೋ ಮಗು.”

“ಬೇರೆ ಯಾರದೋ ಹೇಗಾಗುತ್ತೋ?” ಅಕ್ಕ ಬಿಡಲಿಲ್ಲ. “ನಿನಗೆ ಕೆಲಸ ಎರಡು ವರ್ಷ ಜಾಸ್ತಿ ಸಿಗಲಿ ಅಂತಲೇ ಅಪ್ಪ ಸುಳ್ಳು ಬರೆಸಿದ್ದು.”

“ನನಗೂ ಬೇಜಾರು ಸರ್,” ಎಂದರು ಮೇಡಂ. “ಹೊರಗೆ ಕೂತಿದ್ದಾರಲ್ಲ, ಅವರೂ ಮಧ್ಯಾಹ್ನ ಇಂಥದ್ದೇ ಕಾಗದ ತಂದು ರಿಟೈರ್ ಆದ್ರು. ಆಗಿಂದ ನೀವೇ ಮೊದಲನೆಯವರು. ಸೀಟು ನಿಮ್ಮದು ಅಂತ ಹೇಳೋಕೆ ಆರು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ.”

ಫೋನ್ ಕೋಟಿನ ಜೇಬಿನಲ್ಲಿತ್ತು; ಕೋಟು ಇನ್ನೂ ಆಸ್ಪತ್ರೆಯ ಕುರ್ಚಿಯಲ್ಲೇ ಇತ್ತು.

ಕ್ಯಾಪ್ಟನ್ ಹೊರಗೆ ಬಂದಾಗ ಮೀಸೆ ಕ್ಯಾಪ್ಟನ್ ಸರಿದು ಬೆಂಚಿನಲ್ಲಿ ಜಾಗ ಬಿಟ್ಟರು. ಆಮೇಲೆ ಕೇಳಿದರು, “ನಿಮ್ಮದು ಯಾವ ತಾರೀಕು?”

“ಹೋದ ತಿಂಗಳು ಹದಿನಾಲ್ಕು. ನಿಮ್ಮದು?”

“ಮೂರು.”

ಕ್ಯಾಪ್ಟನ್ ಬೆರಳು ಮಡಚಿ ಎಣಿಸಿದರು. ಅದೇ ಹನ್ನೊಂದು ದಿನ.

“ಹಾಗಾದ್ರೆ ರಿಟೈರ್ ಆಗೋದರಲ್ಲೂ ನೀವೇ ಸೀನಿಯರ್,” ಎಂದರು.