ಡೆಲ್ಮರ್ ಮತ್ತು ಅಂಟುಮುಳ್ಳಿನ ಮಹಾಯುದ್ಧ

"ಬರೋ ಈಸ್ಟರ್‌ಗೆ ನನ್ನ ಹುಲ್ಲುಹಾಸಿನ ಮೇಲೆ ಒಂದೇ ಒಂದು ಮುಳ್ಳು ಕಂಡ್ರೆ ನನ್ನ ಹೆಸರು ಡೆಲ್ಮರ್ ಅಲ್ಲ!"

ಅಮೆರಿಕದ ಜಾರ್ಜಿಯಾ ರಾಜ್ಯದ ದಕ್ಷಿಣ ತುದಿಯ ಒಂದು ಪುಟ್ಟ ಊರಿನಲ್ಲಿ ಡೆಲ್ಮರ್ ಈ ಭೀಷ್ಮಪ್ರತಿಜ್ಞೆ ಮಾಡಿದ್ದು ಸೆಪ್ಟೆಂಬರಿನಲ್ಲಿ, ಸೋಫಾದ ಮೇಲೆ ಒರಗಿಕೊಂಡು. ಕಾರಣ ಗಂಭೀರವಾಗಿಯೇ ಇತ್ತು. ಈಸ್ಟರ್ ದಿನ ಚರ್ಚಿನ ಮಕ್ಕಳು ಬಣ್ಣದ ಮೊಟ್ಟೆ ಹುಡುಕುವ ಆಟ ಅವನ ಅಪ್ಪನ ಕಾಲದಿಂದಲೂ ಇದೇ ಅಂಗಳದಲ್ಲಿ. ಹೋದ ಸಲ ಬರಿಗಾಲಲ್ಲಿ ಓಡಿದ ಮಕ್ಕಳೆಲ್ಲ ಅಂಟುಮುಳ್ಳು ತುಳಿದು, ಕುಂಟುತ್ತಾ ಅಳುತ್ತಾ ಮನೆಗೆ ಹೋಗಿದ್ದರು. ಇನ್ನೊಮ್ಮೆ ಹಾಗಾದರೆ ಆಟ ಎದುರು ಮನೆಯ ಗ್ರೇಡಿಯ ಅಂಗಳಕ್ಕೆ ಎಂದು ಚರ್ಚಿನ ಹೆಂಗಸರು ಹೇಳಿಬಿಟ್ಟಿದ್ದರು. ಗ್ರೇಡಿಯ ಅಂಗಳಕ್ಕೆ! ಅದಕ್ಕಿಂತ ಊರು ಬಿಡುವುದೇ ವಾಸಿ.

"ಹಾಗಾದ್ರೆ ಎದ್ದೇಳು. ಆ ಮುಳ್ಳಿನ ಕಳೆಯ ಬೀಜ ಮೊಳೆಯೋ ಮುಂಚೆ ಕಳೆನಾಶಕ ಪುಡಿ ಹಾಕ್ಬೇಕಂತೆ," ಎಂದಳು ಹೆಂಡತಿ ನೆಲ್ಡಾ.

"ಇವತ್ತು ಶನಿವಾರ ಕಣೇ! ಫುಟ್‌ಬಾಲ್ ಇದೆ!"

ಅದು ಒಪ್ಪತಕ್ಕ ಮಾತೇ. ಶನಿವಾರದ ಫುಟ್‌ಬಾಲ್ ಬಿಟ್ಟು ಹುಲ್ಲಿಗೆ ಪುಡಿ ಹಾಕುವವನಿಗೆ ಆ ಊರಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ. ಆದರೆ ಶನಿವಾರದ ಬೆನ್ನಿಗೆ ಶನಿವಾರ ಬಂದು ಡಿಸೆಂಬರ್ ಆಯಿತು. ಊರಿನ ಹುಲ್ಲೆಲ್ಲ ಕಂದು ಬಣ್ಣಕ್ಕೆ ತಿರುಗಿ ಮಲಗಿದಾಗ ಡೆಲ್ಮರ್‌ನ ಅಂಗಳದಲ್ಲಿ ಮಾತ್ರ ಕ್ಯಾರೆಟ್ ಸೊಪ್ಪಿನಂಥ ಪುಟ್ಟ ಎಲೆಗಳು ನೆಲಕ್ಕಂಟಿಕೊಂಡು ಹಸಿರಾಗಿ ಹಬ್ಬಿದವು.

"ಇದೇ ಕಣೋ ಆ ಕಳೆ! ಎಳಸಾಗಿದ್ದಾಗ್ಲೇ ಔಷಧಿ ಹೊಡಿ, ಸಾಯುತ್ತೆ," ಎಂದಳು ನೆಲ್ಡಾ.

"ಇದಾ? ಮುಟ್ಟಿ ನೋಡು, ಬೆಣ್ಣೆ ಇದ್ದಂಗಿದೆ! ನನ್ನ ಮಣ್ಣಿನ ಗುಣ. ಗ್ರೇಡಿಯ ಅಂಗಳ ನೋಡು, ಹೆಣ ಮಲಗಿದಂಗಿದೆ!"

ಅಷ್ಟಕ್ಕೇ ಬಿಟ್ಟನೇ? ಗೊಬ್ಬರ ಹಾಕಿದ, ನೀರು ಬಿಟ್ಟ. ಅಂಚೆಯವನು ಅಡ್ಡ ಹಾಯ್ದರೆ ಕಿಟಕಿಯಿಂದಲೇ ಗದರಿದ. ಸಾಕಿದ ಗಿಣಿ ಹದ್ದಾಗಿ ಕುಕ್ಕಿತು ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ಈಸ್ಟರ್ ಹಿಂದಿನ ದಿನ ಬರೀ ಕಾಲುಚೀಲದಲ್ಲಿ ಪೇಪರ್ ತರಲು ಹೋದ ಡೆಲ್ಮರ್ ಮುಳ್ಳು ತುಳಿದು ಹಾಕಿದ ಕೂಗಿಗೆ ಗ್ರೇಡಿಯ ನಾಯಿ ಮಂಚದ ಕೆಳಗೆ ಸೇರಿತು.

"ನೆಲ್ಡಾ! ಔಷಧಿ ಎಲ್ಲಿ?"

"ಈಗೆಂಥ ಔಷಧಿ? ಬಿಸಿಲಿಗೆ ಗಿಡ ತಾನಾಗೇ ಸಾಯ್ತಿದೆ. ಮುಳ್ಳು ಮಾತ್ರ ಇಲ್ಲೇ ಇರುತ್ತೆ. ನಾಳೆ ಮಕ್ಕಳಿಗೆ ಏನು ಹೇಳ್ತೀಯೋ ಹೇಳ್ಕೋ!" ಎಂದು ಅವಳು ಮೊಟ್ಟೆ ಬೇಯಿಸಲು ಚರ್ಚಿನ ಅಡುಗೆಮನೆಗೆ ಹೊರಟುಹೋದಳು.

ಡೆಲ್ಮರ್‌ಗೆ ನಿಜಕ್ಕೂ ಅಳು ಬಂತು. ಅಪ್ಪ ನಡೆಸಿಕೊಂಡು ಬಂದದ್ದು ತನ್ನ ಕಾಲಕ್ಕೆ ನಿಂತುಹೋಗುವುದೇ? ಅಷ್ಟರಲ್ಲಿ ಉಣ್ಣೆಯ ಕಾಲುಚೀಲಕ್ಕೆ ಅಂಟಿದ ಮುಳ್ಳುಗಳನ್ನು ಕಂಡು ಅವನ ತಲೆ ಓಡಿತು. ಉಣ್ಣೆಗೆ ಮುಳ್ಳು ಅಂಟುತ್ತದೆ! ಬೀರುವಿನಲ್ಲಿದ್ದ ದೊಡ್ಡ ಉಣ್ಣೆ ಕಂಬಳಿ ತಂದು, ನೇಗಿಲು ಹೊಡೆದಂತೆ ಸಂಜೆಯವರೆಗೂ ಅಂಗಳದ ತುಂಬ ಎಳೆದಾಡಿದ. ಹುಲ್ಲು ಸ್ವಚ್ಛ! ಕಂಬಳಿಯನ್ನು ಆಮೇಲೆ ಕೊಡವಿದರಾಯಿತು ಎಂದು ಮಡಚಿ ಬೀರುವಿನಲ್ಲಿಟ್ಟ.

ಮರುದಿನ ಮಕ್ಕಳು ಬರಿಗಾಲಲ್ಲಿ ಕುಣಿದರು. ಒಬ್ಬರೂ ಅಳಲಿಲ್ಲ. ಚರ್ಚಿನ ಹೆಂಗಸರು ಮುಖ ಮುಖ ನೋಡಿಕೊಂಡರು. "ಏನಪ್ಪಾ ಮಂತ್ರ ಹಾಕ್ದೆ?" ಎಂದ ಗ್ರೇಡಿ. ಡೆಲ್ಮರ್ ಎದೆಯುಬ್ಬಿಸಿ, "ಮಂತ್ರ ಅಲ್ಲ ಗ್ರೇಡಿ, ವಿಜ್ಞಾನ," ಎನ್ನುವಷ್ಟರಲ್ಲಿ ಹಿಂದಿನಿಂದ ನೆಲ್ಡಾಳ ದನಿ ಕೇಳಿತು.

"ಬ್ರದರ್ ಆರ್ಲಿಸ್, ಬೀರುವಿನಲ್ಲಿದ್ದ ಕಂಬಳಿ ತಂದು ಹಾಸಿದೀನಿ. ಪ್ರಾರ್ಥನೆಗೆ ಕೂತ್ಕೊಳ್ಳಿ."

ಪಾದ್ರಿಗಳು ಪ್ಯಾಂಟು ಮೇಲೆಳೆದುಕೊಂಡು ಬಗ್ಗಿದರು. ಡೆಲ್ಮರ್ ಹಾರಿ ಅವರಿಗಿಂತ ಮುಂಚೆ ಧೊಪ್ಪನೆ ಕೂತ. ಅವರು ಪಕ್ಕಕ್ಕೆ ಸರಿದರು. ಇವನು ಕಾಲು ಚಾಚಿದ. ಇನ್ನೊಂದು ಪಕ್ಕಕ್ಕೆ ಬಂದರು; ಇವನು ಅಂಗಾತ ಬಿದ್ದು ಎರಡೂ ಕೈ ಹರಡಿದ.

"ಏಳೋ, ಮರ್ಯಾದೆ ಕಳೀಬೇಡ!" ನೆಲ್ಡಾ ಹಲ್ಲು ಕಚ್ಚಿ ಪಿಸುಗುಟ್ಟಿದಳು.

"ಮರ್ಯಾದೆ ಉಳಿಸ್ತಿದೀನಿ ಕಣೇ," ಎಂದ ಡೆಲ್ಮರ್, ಕಣ್ಣಲ್ಲಿ ನೀರು ತುಂಬಿಕೊಂಡು. ನೆಲ್ಡಾ ಕಂಬಳಿಯ ತುದಿ ಎತ್ತಿ ನೋಡಿದಳು: ಅಡಿಯೆಲ್ಲ ಮುಳ್ಳು, ಉಣ್ಣೆ ತೂರಿ ಮೇಲಕ್ಕೂ ಚುಚ್ಚುತ್ತಿತ್ತು. ಸೆರಗಿಲ್ಲದ ಊರು, ಪಾಪ. ನಗು ಮುಚ್ಚಿಕೊಳ್ಳಲು ಟೋಪಿಯನ್ನೇ ಬಾಯಿಗೆ ಒತ್ತಿಕೊಂಡಳು.

ಆದರೆ ಬ್ರದರ್ ಆರ್ಲಿಸ್ ಆ ಕಣ್ಣೀರು ಕಂಡು ಕರಗಿಹೋದರು. "ನೋಡಿ, ಇದಪ್ಪಾ ಭಕ್ತಿ!" ಎಂದವರೇ ನಿಂತುಕೊಂಡೇ ಪ್ರಾರ್ಥನೆ ಶುರುಮಾಡಿದರು. ಊಟಕ್ಕಿಟ್ಟಿದ್ದ ಹ್ಯಾಮ್ ಮಾಂಸ ತಣ್ಣಗಾಯಿತು, ತಂಪು ಚಹದಲ್ಲಿನ ಐಸು ಕರಗಿತು, ಪ್ರಾರ್ಥನೆ ಮುಗಿಯಲಿಲ್ಲ. ಅವರು ದನಿ ಏರಿಸಿದಾಗಲೆಲ್ಲ ಡೆಲ್ಮರ್ ನರಳಿದ. ಅವನು ನರಳಿದಾಗಲೆಲ್ಲ ಅವರಿಗೆ ಇನ್ನಷ್ಟು ಹುರುಪು ಬಂತು.

ಕೊನೆಗೆ "ಆಮೆನ್" ಎಂದು ಅವರೇ ಕೈಹಿಡಿದು ಎಬ್ಬಿಸಿದರು. "ಡೆಲ್ಮರ್, ಮುಂದಿನ ಸಲವೂ ಆಟ ನಿಮ್ಮಲ್ಲೇ. ಇನ್ಮೇಲೆ ಚರ್ಚಿನಲ್ಲಿ ನಿಮ್ಮ ಜಾಗ ಹಿಂದಿನ ಬೆಂಚಲ್ಲ. ಬರೋ ಭಾನುವಾರ ಎಲ್ಲರ ಮುಂದೆ ನಿಂತು ನಿಮ್ಮ ಅನುಭವ ಹೇಳ್ಬೇಕು!"

"ಎಷ್ಟು ಹೊತ್ತು ಬೇಕಾದ್ರೂ ನಿಲ್ತೀನಿ ಬ್ರದರ್," ಎಂದ ಡೆಲ್ಮರ್, ಪ್ಯಾಂಟಿನ ಹಿಂಭಾಗ ಹಿಡಿದುಕೊಂಡು. "ಕೂತ್ಕೋ ಅಂತ ಮಾತ್ರ ಹೇಳ್ಬೇಡಿ!"